ಬಲೆಯಲ್ಲಿ ಒಂದು ಬೆಕ್ಕಿನಷ್ಟು ದಾರಿ

ಅಥವಾ ಮನೆಯಲ್ಲಿ ಒಂದು ಬೆಕ್ಕಾದರೂ ಇರಬೇಕಿತ್ತು ಎಂದು ಹೇಳಿದ್ದು ಅಕ್ಕನೇ ಅಲ್ಲವೇನೋ. ಈಗ ಬರೆಯಲು ಕುಳಿತರೆ ಅವಳ ಬಾಯಲ್ಲಿ ಆ ಮಾತು ಸರಿಯಾಗಿ ಕೂರುತ್ತಿಲ್ಲ. ಜಗಲಿಯ ಮೂಲೆಯಲ್ಲಿ ಕಾಲು ಚಾಚಿಕೊಂಡು, ಹೊಳೆಯ ಕಡೆಗೆ ಮುಖ ಮಾಡಿ, "ಒಂದ್ ಬೆಕ್ಕ್ ಆರೂ ಇದ್ದಿದ್ರೆ ಆತಿತ್ತ್" ಎಂದಳು ಎಂದೇ ನಾನು ಇಷ್ಟು ದಿನ ನಂಬಿಕೊಂಡು ಬಂದಿದ್ದೇನೆ. ಆದರೆ ಆ ಚಿತ್ರದಲ್ಲಿ ಅವಳ ಮುಂದೆ ಮೀನು ಕೊಯ್ಯುವ ಮೆಟ್ಟುಗತ್ತಿ ಇದೆ. ಅವಳು ಮೀನು ಮುಟ್ಟುವುದನ್ನು ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. ಹಾಗಾದರೆ ಕತ್ತಿ ಬೇರೆ ಯಾವುದೋ ದಿನದ್ದು. ಕತ್ತಿ ಬೇರೆ ದಿನದ್ದಾದರೆ ಮಾತೂ ಬೇರೆ ದಿನದ್ದಿರಬಹುದು. ಬೇರೆಯವರದ್ದೂ ಇರಬಹುದು. ಅಕ್ಕನನ್ನು ಕೇಳಿದರೆ, "ನಾನ್ ಎಂತಕ್ಕೆ ಹೇಳ್ಲಿ? ನೀನೇ ಹೇಳದ್ದ್ ಅಲ್ದಾ?" ಎನ್ನುತ್ತಾಳೆ.

ಇರಲಿ. ಯಾರೋ ಒಬ್ಬರು ಹೇಳಿದೆವು. ಮನೆಯಲ್ಲಿ ಇರುವುದು ಇಬ್ಬರೇ.

ಮನೆ ಹಂಗಾರಕಟ್ಟೆಯಲ್ಲಿ, ಹೊಳೆ ಕಡಲಿಗೆ ಸೇರುವ ಜಾಗಕ್ಕೆ ಹತ್ತಿರ. ಅಕ್ಕ ಮೀನು ಮಾರಿ ಬದುಕಿದವಳು. ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ಕಾಲದಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವಳು ಬುಟ್ಟಿಯ ಜೊತೆ ಹಿಂದೆ, ನಾನು ಚೀಲದ ಜೊತೆ ಮುಂದೆ. ಬ್ರಹ್ಮಾವರದಲ್ಲಿ ಇಳಿದ ಮೇಲೆ ಅವಳು ಮನೆ ಮನೆ ತಿರುಗುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ತಿರುಗುವುದನ್ನು ನಿಲ್ಲಿಸಿದಳು. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಎಲ್ಲರಿಗೂ ಗೊತ್ತಿಲ್ಲದ್ದು, ನನಗೂ ತಡವಾಗಿ ಕಣ್ಣಿಗೆ ಬಿದ್ದದ್ದು ಏನೆಂದರೆ, ಅವಳು ಅದರ ಜೊತೆಗೇ ಮೀನು ತಿನ್ನುವುದನ್ನೂ ನಿಲ್ಲಿಸಿಬಿಟ್ಟಿದ್ದಳು.

ನಮ್ಮಂಥವರ ಮನೆಯಲ್ಲಿ ಮೀನು ಬೇಡ ಎನ್ನುವುದಕ್ಕೆ ಕಾರಣ ಬೇಕು. ಸೂತಕ, ಹರಕೆ, ಸೋಮವಾರ, ಏನಾದರೊಂದು. ಅಕ್ಕನಿಗೆ ಏನೂ ಇರಲಿಲ್ಲ. "ಬ್ಯಾಡ ಕಾಣತ್ತ್" ಅಂದರೆ ಮುಗಿಯಿತು. ಗಂಜಿ, ಉಪ್ಪಿನಕಾಯಿ, ಅದೂ ಅರ್ಧ ಬಟ್ಟಲು. ರವಿಕೆಯ ತೋಳಿನಿಂದ ಕೈ ಸಡಿಲವಾಗಿ ನೇತಾಡತೊಡಗಿತು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, "ಏನೂ ತೊಂದರೆ ಇಲ್ಲ, ಚೆನ್ನಾಗಿ ತಿನ್ನಲಿ" ಅಂದರು. ತಿನ್ನಲಿ ಎನ್ನುವುದಕ್ಕೆ ಡಾಕ್ಟರು ಬೇಕಿರಲಿಲ್ಲ. ನಾನು ಕಾಲೇಜಿನಿಂದ ಬಂದು, ಬಸ್ಸಿನ ಧೂಳು ತೊಳೆದು, ಅನ್ನಕ್ಕಿಟ್ಟು, ಬಂಗುಡೆ ಸಾರು ಮಾಡಿ, ಒಬ್ಬಳೇ ತಿಂದು, ಮಿಕ್ಕಿದ್ದನ್ನು ಮರುದಿನ ಒಬ್ಬಳೇ ತಿಂದು, ಆಮೇಲೆ ನಾನೂ ಮೀನು ತರುವುದನ್ನು ಕಡಿಮೆ ಮಾಡಿದೆ. ದಣಿವು ಅಂದರೆ ಇದು. ಯಾರೂ ಜಗಳವಾಡುವುದಿಲ್ಲ. ಒಬ್ಬರು ಬಟ್ಟಲು ಸ್ವಲ್ಪ ಮುಂದೆ ತಳ್ಳುತ್ತಾರೆ, ಇನ್ನೊಬ್ಬರು ತೊಳೆಯುತ್ತಾರೆ. ಅಕ್ಕ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಊಟದಿಂದ ಎದ್ದು ಹೋಗುತ್ತಿದ್ದಾಳೆ, ನಾನು ನೋಡುತ್ತಾ ಪಾತ್ರೆ ತೊಳೆಯುತ್ತಿದ್ದೇನೆ ಎಂಬುದು ನನ್ನ ಭಯವಾಗಿತ್ತು.

ಬೆಕ್ಕಿನ ಲೆಕ್ಕಾಚಾರ ಅಲ್ಲಿಂದ ಹುಟ್ಟಿದ್ದು. ಬ್ರಹ್ಮಾವರದ ಮನೆಗಳನ್ನು ಅಕ್ಕ ಗುರುತಿಡುತ್ತಿದ್ದದ್ದು ಬೆಕ್ಕುಗಳಿಂದ. ಅವಳ ಕೂಗು ಕೇಳಿದರೆ ಮನೆಯೊಡತಿಗಿಂತ ಮೊದಲು ಬೆಕ್ಕು ಗೇಟಿಗೆ ಬರುತ್ತಿತ್ತಂತೆ. ಮೀನು ಕೊಯ್ದು ಕೊಡುವಾಗ ತಲೆ, ಕರುಳು ಅದಕ್ಕೆ. "ಬ್ಯಾಂಕಿನೋರ್ ಮನೆ ಬೆಕ್ಕ್ ಬಸ್ರಿ", "ಡಾಕ್ಟರ್ ಮನೆದ್ ಸತ್ ಹೋಯ್ತಂಬ್ರ್", ಇವು ಅವಳು ಸಂಜೆ ತರುತ್ತಿದ್ದ ಸುದ್ದಿಗಳು. ಹಾಗಾಗಿ ಒಂದು ಬೆಕ್ಕಿದ್ದರೆ ಅದಕ್ಕಾಗಿಯಾದರೂ ಅವಳು ಮೀನು ಮುಟ್ಟಿಯಾಳು, ಮುಟ್ಟಿದ ಕೈ ಬಾಯಿಗೆ ಹೋದೀತು. ಇದು ನನ್ನ ಯೋಜನೆ. ಯೋಜನೆ ಎಂದು ಈಗ ಅನ್ನುತ್ತಿದ್ದೇನೆ. ಆಗ ಬಸ್ಸಿನಲ್ಲಿ ತೂಕಡಿಸುವಾಗ ಬಂದ ಒಂದು ಆಸೆ ಇದ್ದಿರಬಹುದು.

ಅಕ್ಕ ಒಪ್ಪಿದಳು. ಒಪ್ಪಿದ ರೀತಿ ಮಾತ್ರ ವಿಚಿತ್ರ.

"ಇಲ್ಲಿನ್ ಬೆಕ್ಕ್ ಬ್ಯಾಡ. ಕಡಲ್ ಬದಿ ಬೆಕ್ಕಿಗೆ ಹುಟ್ಟುವತ್ತಿಗೇ ಕಳ್ ಬುದ್ಧಿ. ಮೇಲ್ಗಡೆದ್ ತಕಂಡ್ ಬಾ. ಮೀನ್ ಕಾಣದ್ದ್ ಬೆಕ್ಕ್ ಆಯ್ಕ್."

"ಮೀನ್ ಕಾಣದ್ದ್ ಬೆಕ್ಕ್ ನಮ್ಮನಿಗೆ ಬಂದ್ ಎಂತ ಮಾಡ್ತ್ ಅಕ್ಕ?"

"ಅದ್ ಅದ್ರ್ ತಲೆಬ್ಯಾನಿ. ನಿಂಗೆಂತಕ್ಕೆ?"

ಮೇಲ್ಗಡೆ ಎಂದರೆ ಕಾಡಿನ ಕಡೆ; ಮೀನು ಕಂಡೇ ಇರದ ಬೆಕ್ಕು ಬೇಕೆಂದರೆ ಅಲ್ಲಿಗೇ ಹೋಗಬೇಕು. ನನ್ನ ಜೊತೆ ಪಾಠ ಮಾಡುವವಳೊಬ್ಬಳ ತಾಯಿಮನೆ ಕೆರಾಡಿ. ಅವಳ ಅಮ್ಮನಿಗೆ ಫೋನು ಮಾಡಿದೆ. "ಮರಿ ಇತ್ತ್ ಟೀಚರ್, ಬೇಕಾದಷ್ಟ್ ಇತ್ತ್" ಎಂದು ಆ ಹೆಂಗಸು ನಕ್ಕರು. "ಕಣ್ ಒಡ್ದಿತ್ತಷ್ಟೆ. ತಾಯಿ ಹಾಲ್ ಬಿಡುವಲ್ಲಿವರೆಗೆ ಕಾಯ್ಕ್. ಅಷ್ಟರೊಳ್ಗೆ ನೀವ್ ಮನೆ ತಯಾರ್ ಮಾಡ್ಕಣಿ."

ಮನೆ ತಯಾರು ಮಾಡುವುದು ಎಂದರೆ ಏನೆಂದು ನನಗೆ ಹೊಳೆದದ್ದು ಆಮೇಲೆ. ನಮ್ಮ ಮನೆ ತಯಾರಾಗಿಯೇ ಇತ್ತು, ಬೆಕ್ಕು ಬಾರದ ಹಾಗೆ. ಒಣಮೀನು ಮಾಡುವವರ ಮನೆಗೆ ಬೆಕ್ಕೇ ಕಳ್ಳ. ಅಡುಗೆಮನೆ ಕಿಟಕಿಗೆ ಹಳೆಯ ಬಲೆ. ಗೋಡೆಗೂ ಹಂಚಿಗೂ ನಡುವಿನ ಸಂದಿಗೆ ಬಲೆ. ಅಂಗಳದಲ್ಲಿ ಮೀನು ಹರಡುವ ಜಾಗದ ಮೇಲೆ ಚಪ್ಪರದಂತೆ ಬಲೆ. ಹಿತ್ತಿಲ ಬಾಗಿಲಿನ ಅಡಿಗೆ ಹಲಗೆ. ಒಣಮೀನಿನ ಬುಟ್ಟಿ ಜಂತಿಯಿಂದ ಹಗ್ಗದಲ್ಲಿ ತೂಗುತ್ತದೆ. ಬೆಕ್ಕು ಹಗ್ಗ ಹಿಡಿದು ಇಳಿಯಬಾರದೆಂದು ಹಗ್ಗದ ನಡುವೆ ಒಂದು ತೆಂಗಿನ ಗೆರಟೆ ಕವುಚಿ ಪೋಣಿಸಿದೆ. ಇಷ್ಟರ ಮೇಲೂ ಒಳಗೆ ಬಂದ ಬೆಕ್ಕನ್ನು ಗೋಣಿಯಲ್ಲಿ ಹಾಕಿ, ದೋಣಿಯಲ್ಲಿ ಆಚೆ ದಡಕ್ಕೆ ಒಯ್ದು ಬಿಡುವುದು ನಮ್ಮ ಕೇರಿಯ ಕ್ರಮ. ಹೊಳೆ ದಾಟಿದ್ದು ತಿರುಗಿ ಬರುವುದಿಲ್ಲ ಎಂದು ನಂಬಿಕೆ. ಬ್ರಹ್ಮಾವರದ ಗೇಟುಗಳಲ್ಲಿ ಬೆಕ್ಕಿಗೆ ಮೀನಿನ ತಲೆ ಹಾಕುತ್ತಿದ್ದ ಅಕ್ಕ ಮನೆಯಲ್ಲಿ ಈ ಕೋಟೆ ಕಟ್ಟಿಕೊಂಡಿದ್ದಳು. ಎರಡೂ ಒಬ್ಬಳೇ. ನಾನು ಯಾವತ್ತೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಹಾಗಾಗಿ ಸಿದ್ಧತೆ ಎಂದರೆ ಬಿಚ್ಚುವುದು. ಮೌಲ್ಯಮಾಪನದ ದಿನಗಳು ಅವು; ಉತ್ತರಪತ್ರಿಕೆ ನೋಡಿ ನೋಡಿ ಕಣ್ಣು ಉರಿಯುತ್ತಿರುವಾಗ ಸಂಜೆ ಸ್ಟೂಲು ಹತ್ತಿ ಮೊಳೆ ಕೀಳುತ್ತಿದ್ದೆ. ಅಕ್ಕ ಕುರ್ಚಿಯಲ್ಲಿ ಕುಳಿತೇ ಯಜಮಾನಿಕೆ ಮಾಡಿದಳು. "ಹರಿಬ್ಯಾಡ, ಬಿಚ್ಚ್. ಗಂಟ್ ಕಾಣತ್ತಿಲ್ಯಾ? ಓದಿದ್ದೆಲ್ಲ ಎಲ್ಲಿಗೋಯ್ತ್?" ಕುಂದಾಪುರಕ್ಕೆ ಹೋದಾಗ ಅಂಗಡಿಯವನ ಮಾತು ಕೇಳಿ ಬೆಕ್ಕಿಗೆಂದೇ ಮಾರುವ ಮರಳಿನ ಚೀಲ, ಒಂದು ಪ್ಲಾಸ್ಟಿಕ್ ತಟ್ಟೆ ತಂದೆ. ಅಕ್ಕ ಚೀಲವನ್ನು ಮುಟ್ಟಿ ನೋಡಿದಳು.

"ಇದೆಂತ?"

"ಮರಳು. ಬೆಕ್ಕಿಗೆ."

"ಹೊಯ್ಗಿಯಾ? ಹೊಳಿ ಬದಿಗೆ ಮನೆ ಕಟ್ಕಂಡ್ ಹೊಯ್ಗಿ ದುಡ್ ಕೊಟ್ ತಂದ್ಯಾ ಹೆಣೆ?"

ಬೇಲಿಯಾಚೆ ಸಿಗಡಿ ಹರಡುತ್ತಿದ್ದ ಪಕ್ಕದ ಮನೆಯವಳು ನಗುವುದಕ್ಕಾಗಿ ಕೈಯಲ್ಲಿದ್ದ ಮೊರದಂಥ ಗೆರಸಿ ಕೆಳಗಿಟ್ಟಳು. "ಅಕ್ಕ, ಬೆಕ್ಕ್ ಸಾಕ್ತ್ರಿ ಅಂಬುದ್ ಹೌದಾ ಹಂಗಾರೆ? ನಾಳಿಗೆ ಕಾಕೆಗೂ ಮಣೆ ಹಾಕಿ ಕೂರ್ಸಿ!"

"ಹಾಕ್ತೆ. ನಿಂಗೂ ಒಂದ್ ಹಾಕ್ತೆ, ಬಾ" ಎಂದಳು ಅಕ್ಕ. ಅವಳು ಹೀಗೆ ತಿರುಗಿ ಕೊಟ್ಟು ಎಷ್ಟೋ ಕಾಲವಾಗಿತ್ತು. ನನಗೆ ಸಂತೋಷವಾಯಿತು ಎಂದು ಬರೆಯಬೇಕು. ನಿಜವಾಗಿ ನೆನಪಿರುವುದು ತೋಳಿನ ನೋವು.

ತಪ್ಪು ಆದದ್ದು ಇಲ್ಲಿ. ನಮ್ಮ ಬೆಕ್ಕು ಬರುವುದಕ್ಕೆ ಇನ್ನೂ ವಾರಗಳಿದ್ದವು, ನಾವು ಕೋಟೆ ಬಿಚ್ಚಿ ಮುಗಿಸಿದ್ದೆವು. ಊರಿನ ಉಳಿದ ಬೆಕ್ಕುಗಳಿಗೆ ಇದು ನಮ್ಮ ಬೆಕ್ಕಿನ ದಾರಿ, ನಿಮ್ಮದಲ್ಲ ಎಂದು ಯಾರೂ ಹೇಳಿರಲಿಲ್ಲ. ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನಾವಿಬ್ಬರು ಇದನ್ನು ಯೋಚಿಸಲಿಲ್ಲ ಎಂದರೆ ಪಕ್ಕದ ಮನೆಯವಳು ಇವತ್ತಿಗೂ ನಂಬುವುದಿಲ್ಲ. ಒಂದು ಮಧ್ಯಾಹ್ನ ದೋಣಿ ಕಟ್ಟುವ ಜಾಗದ ಹರಿದ ಕಿವಿಯ ಗಂಡುಬೆಕ್ಕು ಅಡುಗೆಮನೆ ಕಿಟಕಿಯಿಂದ ಬಂತು. ಗೆರಟೆಯನ್ನೂ ನಾನು ತೆಗೆದಿದ್ದೆ. ಅದು ಹಗ್ಗ ಹಿಡಿದು ಇಳಿಯಿತು, ಬುಟ್ಟಿಯ ಸಮೇತ ಬಿತ್ತು. ಹೋದ ವರ್ಷದ ಒಣಸಿಗಡಿ, ಅಕ್ಕ ಮಾಡಿದ್ದ ಕೊನೆಯದ್ದು, ನೆಲದ ತುಂಬ.

ನನ್ನ ನೆನಪಿನಲ್ಲಿ ಅಕ್ಕ ಓಡುತ್ತಾಳೆ. ಹಿಡಿಸೂಡಿ ಪೊರಕೆ ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳ ದಾಟಿ ತೆಂಗಿನ ಮರದವರೆಗೆ ಓಡುತ್ತಾಳೆ. ಅವಳ ಮೊಣಕಾಲು ಗೊತ್ತಿರುವ ನಾನು ಈ ಓಟವನ್ನು ಒಪ್ಪುವ ಹಾಗಿಲ್ಲ. ಬಹುಶಃ ಅವಳು ಗೋಡೆ ಹಿಡಿದು ಬಾಗಿಲಿನವರೆಗೆ ಬಂದಿರಬೇಕು, ಅಷ್ಟೂ ದೊಡ್ಡದೇ. ಬೈದದ್ದು ಮಾತ್ರ ನಿಜ. ಪಕ್ಕದ ಮನೆಯವಳೂ ಕೇಳಿದ್ದಾಳೆ.

"ಹಾಳಾದ್ದೆ! ನಿನ್ ಅಜ್ಜಿನ್ ಹೊಳಿ ದಾಟ್ಸದ್ದ್ ನಾನೇ, ಗೊತ್ತಿತ್ತಾ ನಿಂಗೆ?"

ಗಂಡುಬೆಕ್ಕು ಗೋಡೆಯ ಮೇಲೆ ನಿಂತು, ಮೀಸೆ ನೆಕ್ಕಿಕೊಂಡು, ನಿಧಾನ ಹೋಯಿತು.

ಅಕ್ಕ ಅಂದು ಮತ್ತೆ ಕುರ್ಚಿಗೆ ಹೋಗಲಿಲ್ಲ. ನೆಲದಲ್ಲಿ ಕುಳಿತು ಸಿಗಡಿ ಆರಿಸಿದಳು. ಆಮೇಲೆ ಮಾಡಿನ ಕೆಳಗಿನಿಂದ ಬಲೆ ಹೆಣೆಯುವ ಸೂಜಿ, ನೂಲಿನ ಉಂಡೆ ತರಿಸಿದಳು. ಬಿಚ್ಚಿದ ಉಳಿದ ಸಂದಿಗಳನ್ನೆಲ್ಲ ನನ್ನಿಂದ ಮುಚ್ಚಿಸಿ, ಕಿಟಕಿಗೆ ಬಲೆಯನ್ನು ಮತ್ತೆ ಕಟ್ಟಿಸಿ, ಕೆಳಗಿನ ಮೂಲೆಯಲ್ಲಿ ಕೆಲವು ಕಣ್ಣು ಕತ್ತರಿಸಿ, ಕತ್ತರಿಸಿದ ಅಂಚು ಹರಿಯದಂತೆ ಸುತ್ತಲೂ ಹೆಣೆಯತೊಡಗಿದಳು. ತನ್ನ ಮುಷ್ಟಿ ತೂರಿಸಿ ಅಳತೆ ನೋಡಿದಳು.

"ಇಷ್ಟ್ ಸಾಕ್. ತಲಿ ಹೋದ್ರ್ ಮೈ ಹೋತ್ತ್. ಆ ಕಳ್ಳನ್ ತಲಿ ಹೋತ್ತಿಲ್ಲ."

"ನಮ್ಮ ಮರಿ ದೊಡ್ಡ ಆದ್ರೆ?"

"ಆಗಳ್ ಎರ್ಡ್ ಕಣ್ಣ್ ಬಿಚ್ಚುದ್. ನಾನಿದ್ರೆ ನಾನ್, ಇಲ್ದಿರೆ ನೀನ್."

ಸಹಜವಾಗಿಯೇ ಅಂದಳು, ನೂಲು ಹಲ್ಲಿನಲ್ಲಿ ಕಚ್ಚಿಕೊಂಡು. ರಾತ್ರಿ ನಾನು ಸಿಗಡಿ ಚಟ್ನಿ ಮಾಡಿ ಅವಳ ಗಂಜಿಯ ಪಕ್ಕ ಇಟ್ಟೆ. ಅವಳು ಬೆರಳಿನಿಂದ ಬಟ್ಟಲನ್ನು ಸ್ವಲ್ಪ ಆಚೆ ಸರಿಸಿದಳು. ನನ್ನ ಯೋಜನೆ ಇದ್ದಲ್ಲಿಯೇ ಇತ್ತು, ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

ಕೆಲವು ದಿನ ಕಳೆದು ಬಸ್ಸಿನಿಂದ ಇಳಿದು ಬರುವಾಗ ಪಕ್ಕದ ಮನೆಯವಳು ಬೇಲಿಯ ಹತ್ತಿರ ನಿಲ್ಲಿಸಿದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಟೀಚರ್, ನಿಮ್ಗೆ ಅಷ್ಟ್ ಬೇಜಾರಾ?"

"ಎಂತ ಬೇಜಾರ್?"

"ಅಕ್ಕ ಹೇಳ್ತಿದ್ರ್. ತಂಗಿ ಕಾಲೇಜಿಂದ ಬಂದ್ ಗೋಡಿ ಕಂಡ್ಕಂಡ್ ಕೂಕಂತ್ಲ್, ಪಾತ್ರೆ ತೊಳುವತ್ತಿಗೆ ಒಬ್ಳೇ ಮಾತಾಡ್ತ್ಲ್, ಮನಿಲಿ ಒಂದ್ ಜೀವ ಆರೂ ಇರ್ಲಿ ಅವ್ಳಿಗೆ ಅಂದೇಳಿ. ಅದ್ಕೇ ಅಂಬ್ರ್ ಬೆಕ್ಕ್."

ನಾನು ಮನೆಗೆ ಬಂದು ಅಕ್ಕನನ್ನು ಕೇಳಿದೆನೋ ಇಲ್ಲವೋ, ಇದರ ಎರಡು ಆವೃತ್ತಿಗಳು ನನ್ನಲ್ಲಿವೆ. ಒಂದರಲ್ಲಿ ಕೇಳಿದೆ, ಅವಳು "ಅವ್ಳ್ ಮಾತ್ ಕೇಂತ್ಯಾ" ಎಂದು ತಳ್ಳಿಹಾಕಿದಳು. ಇನ್ನೊಂದರಲ್ಲಿ ಸುಮ್ಮನೆ ಪಾತ್ರೆ ತೊಳೆಯಲು ಹೋದೆ, ತೊಳೆಯುವಾಗ ಬಾಯಿ ಬಿಗಿಹಿಡಿದುಕೊಂಡೆ. ಎರಡನೆಯದು ನಿಜವಿರಬೇಕು, ಏಕೆಂದರೆ ಅದನ್ನು ನೆನೆದರೆ ಈಗಲೂ ದವಡೆ ನೋಯುತ್ತದೆ. ಆದರೆ ನೋವು ಸಾಕ್ಷಿಯೇನಲ್ಲ.

ನಾನು ಗೋಡೆ ನೋಡುತ್ತಾ ಕೂರುತ್ತೇನೆಯೇ? ಗಮನಿಸಿರಲಿಲ್ಲ. ಅವಳು ಕುರ್ಚಿಯಲ್ಲಿ ಕುಳಿತು ನನ್ನನ್ನು ನೋಡುತ್ತಿದ್ದಳು ಎಂಬುದನ್ನೂ ಗಮನಿಸಿರಲಿಲ್ಲ.

ಕೆರಾಡಿಯಿಂದ ಫೋನು ಬಂದ ಮರುದಿನ, ಮೊನ್ನೆ ಭಾನುವಾರ, ಹೊರಟೆ. ಬೆಕ್ಕನ್ನು ಬರಿಗೈಯಲ್ಲಿ ಇಸಿದುಕೊಳ್ಳಬಾರದು ಎಂದು ಅಕ್ಕ ಪಕ್ಕದ ಮನೆಯವಳಿಂದ ಹೊಸ ಒಣಸಿಗಡಿ ಪೊಟ್ಟಣ ಕಟ್ಟಿಸಿದಳು. ತರುವುದಕ್ಕೆ ತನ್ನ ಮೀನು ಬುಟ್ಟಿಯನ್ನೇ ಕೊಟ್ಟಳು. ತಿರುಗುವುದು ನಿಲ್ಲಿಸಿದ ಮೇಲೆ ಅದು ಅಟ್ಟದಿಂದ ಇಳಿದದ್ದು ಇದೇ ಮೊದಲು. ಮೇಲೆ ಮುಚ್ಚಲು ಬಲೆಯ ತುಂಡು, ಅದರ ಮೇಲೆ ಹಾಕಲು ಒಂದು ಬಟ್ಟೆ. "ಸೇತ್ವಿ ಬಂದಾಗ ಬಟ್ಟಿ ಮುಚ್ಚ್. ಹೊಳಿ ಕಂಡ್ರೆ ದಾರಿ ನೆನ್ಪ್ ಇಟ್ಕಂತ್ತ್."

ಕೆರಾಡಿಯ ಹೆಂಗಸು ಪೊಟ್ಟಣ ಮೂಸಿ ನೋಡಿ ಖುಷಿಪಟ್ಟರು. ಕೊಟ್ಟಿಗೆಯಿಂದ ಬೂದು ಬಣ್ಣದ ಒಂದು ಮರಿಯನ್ನು ಕುತ್ತಿಗೆ ಹಿಡಿದು ತಂದು ಬುಟ್ಟಿಗೆ ಹಾಕಿದರು. "ಮಜ್ಜಿಗಿ ಅನ್ನ ತಿಂತ್ತ್. ಮೀನ್ ಇದ್ರ್ ಹತ್ರ ಇನ್ನೂ ಬರ್ಲಿಲ್ಲೆ. ಇಲ್ಲಿಗೆ ಮೀನ್ ಬಪ್ಪುದೇ ಅಪ್ರೂಪ ಕಾಣಿ." ಮರಿ ಬುಟ್ಟಿಯ ತಳವನ್ನು ಮೂಸಿತು, ಮೂಲೆಗೆ ಒತ್ತಿಕೊಂಡಿತು. ಎಷ್ಟು ತೊಳೆದರೂ ಹೋಗದ ವಾಸನೆ ಅದು, ಅಕ್ಕನ ಇಡೀ ದುಡಿಮೆಯ ವಾಸನೆ.

ಹೆಮ್ಮಾಡಿಯಲ್ಲಿ ಇಳಿದು ಬೈಂದೂರಿನಿಂದ ಬಂದ ಬಸ್ಸು ಹತ್ತಿದೆ. ತುಂಬಿದ ಬಸ್ಸು. ಬುಟ್ಟಿ ಕಂಡು ಜನ ಸೀರೆ, ಪ್ಯಾಂಟು ಒಳಗೆ ಎಳೆದುಕೊಂಡು ಜಾಗ ಬಿಟ್ಟರು. ಅಕ್ಕನಿಗೆ ದಿನಾ ಸಿಗುತ್ತಿದ್ದ ಜಾಗ ಇದು ಎಂದು ಅನ್ನಿಸಿತು. ಕಂಡಕ್ಟರ್ ದೂರದಿಂದಲೇ, "ಹ್ವಾಯ್ ಅಮ್ಮ, ಮೀನ್ ಬುಟ್ಟಿ ಹಿಂದ್ ಇಡಿ" ಎಂದ. ಅಷ್ಟರಲ್ಲಿ ಮರಿ ಕೂಗಿತು. ಕಂಡಕ್ಟರ್ ಸೀಟಿ ಬಾಯಿಂದ ತೆಗೆದ.

"ಎಂತ ಮೀನ್ ಮಾರಾಯ್ರೆ ಅದ್? ಕೂಗತ್ತಲೆ?"

ಬಸ್ಸು ನಕ್ಕಿತು. ನಾನೂ ನಕ್ಕಿರಬೇಕು. ಮೊದಲ ಸೇತುವೆಗೆ ಬಟ್ಟೆ ಮುಚ್ಚಿದ್ದು ನೆನಪಿದೆ, ನಂಬಿಕೆಯಿಂದಲ್ಲ, ಹೇಳಿದ್ದಳಲ್ಲ ಎಂದು. ಕುಂದಾಪುರ ದಾಟಿದ ಮೇಲೆ ಸೀಟು ಸಿಕ್ಕಿತು, ನಿದ್ದೆ ಬಂತು. ನಾನು ಇಳಿಯಬೇಕಾದ ಸಾಸ್ತಾನದಲ್ಲಿ ಕಂಡಕ್ಟರ್ ಎಬ್ಬಿಸಿದಾಗ ಬಟ್ಟೆ ನನ್ನ ಕಾಲಿನ ಹತ್ತಿರ ಬಿದ್ದಿತ್ತು, ಬಲೆಯ ಕಣ್ಣಿನಿಂದ ಮರಿ ಹೊರಗೆ ನೋಡುತ್ತಿತ್ತು. ಅದು ಎಷ್ಟು ನೀರು ನೋಡಿತೋ. ಅಕ್ಕನಿಗೆ ಮುಚ್ಚಿದ್ದೆ ಎಂದೆ.

ಮನೆಯಲ್ಲಿ ಮೆಟ್ಟುಗತ್ತಿ ಹೊರಗೆ ಬಂದಿತ್ತು. ಅಕ್ಕ ಬಂಗುಡೆ ತರಿಸಿ, ಕೊಯ್ದು, ಉಪ್ಪು ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ ಒಂದು ತಟ್ಟೆಯಲ್ಲಿ ಇಟ್ಟುಕೊಂಡು ನೆಲದಲ್ಲಿ ಕುಳಿತಿದ್ದಳು. ಮರಿ ಬುಟ್ಟಿಯಿಂದ ಇಳಿದು ನೇರ ಒರಳಿನ ಹಿಂದೆ ಹೋಯಿತು. ಅಕ್ಕ ತಟ್ಟೆಯನ್ನು ಒರಳಿನ ಹತ್ತಿರ ತಳ್ಳಿದಳು. ಮರಿ ಮೂಗು ಚಾಚಿತು, ಹಿಂದೆ ಸರಿಯಿತು.

"ತಿನ್ನ್. ವಿಷ ಅಲ್ಲ."

ಇಲ್ಲ.

"ಮಜ್ಜಿಗೆ ಅನ್ನ ಕೊಡುವನಾ ಅಕ್ಕ?"

"ನೀ ಸುಮ್ನಿರ್. ಇದ್ಕೆ ತಿಂಬುಕೆ ಗೊತ್ತಿಲ್ಲೆ ಅಷ್ಟೆ. ಯಾರಾರೂ ತೋರ್ಸ್ಕ್." ಅವಳು ತಟ್ಟೆಯಿಂದ ಒಂದು ತುಂಡು ಎತ್ತಿಕೊಂಡಳು. ಮರಿಗೆ ಕಾಣುವ ಹಾಗೆ ಬಾಗಿ, ಬಾಯಿಯ ಹತ್ತಿರ ತಂದಳು. "ಹೀಂಗೆ. ಕಾಣ್."

ಆಗ ಕಿಟಕಿಯಲ್ಲಿ ಸದ್ದಾಯಿತು. ಹರಿದ ಕಿವಿಯ ಕಳ್ಳ ವಾಸನೆಗೆ ಬಂದು, ಅಕ್ಕ ಹೆಣೆದ ತೂತಿಗೆ ತಲೆ ಒತ್ತುತ್ತಿತ್ತು. ತಲೆ ಹೋಗಲಿಲ್ಲ. ನಾನು ಅದನ್ನು ಓಡಿಸಿ ತಿರುಗಿದೆ. ಅಷ್ಟೇ ಹೊತ್ತು. ತಟ್ಟೆ ಖಾಲಿಯಾಗಿತ್ತು. ಮರಿ ಒರಳಿನ ಹಿಂದೆ ಇತ್ತು. ಅಕ್ಕ ಸೆರಗಿನಲ್ಲಿ ಬಾಯಿ ಒರೆಸುತ್ತಿದ್ದಳು, ಅಥವಾ ಕೈ ಒರೆಸುತ್ತಿದ್ದಳು.

"ಮೀನ್ ಎಲ್ಲಿಗೋಯ್ತ್?"

"ಬೆಕ್ಕ್ ತಿಂತ್."

"ಅಷ್ಟ್ ಬೇಗ?"

"ಹಶು ಇದ್ದಿರೆ ಯಾರಾರೂ ತಿಂತ್ರ್."

ನಿನ್ನೆ ನಾನು ಕಾಲೇಜಿನಿಂದ ಬಂದಾಗ ಹಿತ್ತಿಲಲ್ಲಿ ಬಂಗುಡೆಯ ಮುಳ್ಳುಗಳಿದ್ದವು, ಅಷ್ಟು ಸಣ್ಣ ಮರಿ ತಿನ್ನಬಹುದಾದ್ದಕ್ಕಿಂತ ಹೆಚ್ಚು. ಗಂಡುಬೆಕ್ಕೂ ಬಂದು ಹೋಗಿರಬಹುದು. ಪಕ್ಕದ ಮನೆಯವಳಿಗೂ ಕೊಟ್ಟಿರಬಹುದು. ಸಂಜೆ ಅಕ್ಕ ಗಂಜಿಗೆ ಕುಳಿತಳು, ಅರ್ಧ ಬಟ್ಟಲು, ಯಾವತ್ತಿನಂತೆ. ಮರಿ ಅವಳ ಕಾಲಿನ ಹತ್ತಿರ ಬಂದು, ನನ್ನ ಕಾಲಿನ ಹತ್ತಿರ ಬಂದು, ಮತ್ತೆ ಒರಳಿನ ಹಿಂದೆ ಹೋಯಿತು. ನಾನು ಪಾತ್ರೆ ತೊಳೆಯುವಾಗ ಮಾತಾಡಿದೆನಂತೆ. ಬೆಕ್ಕಿನ ಹತ್ತಿರವೋ, ಒಬ್ಬಳೇ ಆಗಿಯೋ ಎಂದು ಅಕ್ಕನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಕ್ಕು ಬೇಕೆಂದು ಮೊದಲು ಹೇಳಿದ್ದು ಯಾರು ಎಂಬುದು ಬಿಟ್ಟುಹೋಗಲಿ. ಮೊನ್ನೆ ಅಕ್ಕ ಆ ತುಂಡನ್ನು ಬಾಯಿಗೆ ಹಾಕಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ಕಿಟಕಿಯ ಕಡೆಗೆ ನೋಡುತ್ತಿದ್ದೆ.